ಮೊರಕ್ಕೆ ಬಾಯೊರೆಸುವ ಕಾಗದ

ನಮ್ಮ ಕಡೆ ಮುದ್ದೆ ಉಂಡ ಕೈಯನ್ನು ಕಾಗದದಲ್ಲಿ ಒರೆಸುವ ಪದ್ಧತಿ ಇಲ್ಲ. ಒರೆಸಿದರೂ ಹೋಗುವುದಿಲ್ಲ. ರಾಗಿಯ ಅಂಟು, ಬಸ್ಸಾರಿನ ಜಿಡ್ಡು ಎರಡೂ ಕೂಡಿದ ಮೇಲೆ ಒಂದು ಚೊಂಬು ನೀರೇ ಬೇಕು. ಹಾಗಾಗಿ ಪೇಪರ್ ನ್ಯಾಪ್ಕಿನ್ ಎಂಬ ವಸ್ತು ಭಾರತೀನಗರಕ್ಕೆ ಬಂದದ್ದು ಬಹಳ ತಡವಾಗಿ, ಅದೂ ಛತ್ರದ ಮದುವೆಗಳಲ್ಲಿ ಬಫೆ ಮೇಜು ಶುರುವಾದ ಮೇಲೆ. ಬಂದದ್ದು ಬಂತು, ಬಾಯೊರೆಸುವ ಕೆಲಸ ಮಾಡಿಕೊಂಡು ಮೇಜಿನ ಮೂಲೆಯಲ್ಲಿ ಬಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಈಗ ಅದು ಮೊರದ ಮೇಲೆ ಹತ್ತಿ ಕೂತಿದೆ. ಮಣೆಯ ಮೇಲೆ ಕೂತಿದೆ. ಅಜ್ಜಿ ಕಾಲದ ಹಲಸಿನ ಮರದ ಮಸಾಲೆ ಪೆಟ್ಟಿಗೆಯ ಮೇಲೆ, ಮಡಕೆಯ ಮೇಲೆ, ಸೇರು ಪಾವುಗಳ ಮೇಲೆ ಗುಲಾಬಿ ಗೊಂಚಲಾಗಿ, ಪ್ಯಾರಿಸ್ಸಿನ ಗೋಪುರವಾಗಿ ಅಂಟಿಕೊಂಡಿದೆ. ಇದಕ್ಕೆ ಡೆಕುಪಾಜ್ ಎಂದು ಹೆಸರು. ಇದನ್ನು ಕಲಿಸುವುದಕ್ಕೆ ತರಬೇತಿ, ಕಲಿತದ್ದಕ್ಕೆ ಸರ್ಟಿಫಿಕೇಟು, ಕಲಿತವರಿಗೆ ‘ಸ್ವಾವಲಂಬನೆ’ ಎಂಬ ಆಶ್ವಾಸನೆ. ನನ್ನ ಜಗಳ ಮುಖ್ಯವಾಗಿ ಈ ಕೊನೆಯ ಮಾತಿನ ಮೇಲೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಮೊರದ ಮಾತು ಮುಗಿಸಬೇಕು.

ನಾನು ಮೂವತ್ತು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಹೊಲಿಗೆ ಮತ್ತು ಕರಕುಶಲ ಕಲಿಸಿದವಳು. ಕತ್ತರಿ, ಅಂಟು, ಬಣ್ಣದ ಕಾಗದ ಇವೇ ನನ್ನ ಅನ್ನ. ಕಾಗದ ಕತ್ತರಿಸಿ ಅಂಟಿಸುವುದು ಕೀಳು ಕೆಲಸ ಎಂದು ಯಾರಾದರೂ ಹೇಳಿದರೆ ಮೊದಲು ಅವರೊಡನೆ ಜಗಳಕ್ಕೆ ನಿಲ್ಲುವವಳು ನಾನೇ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ‘ಹೆಂಗಸರಿಗೆ ಮಾಡಕ್ಕೆ ಕೆಲಸ ಇಲ್ಲ ಕಣಯ್ಯ’ ಎಂದು ನಗುವ ಗಂಡಸರ ಪಕ್ಷ ನನ್ನದಲ್ಲ. ಅವರ ಟ್ರ್ಯಾಕ್ಟರಿನ ಹಿಂದೆ ಮುಂದೆ ಅಂಟಿಸಿರುವ ಹದ್ದು, ಹುಲಿ, ಸಿನಿಮಾ ನಟರು, ‘ಅಮ್ಮನ ಆಶೀರ್ವಾದ’ ಎಲ್ಲ ಸೇರಿದರೆ ಒಂದು ಎಕರೆ ಮುಚ್ಚಬಹುದು. ಹೆಂಗಸು ಮಧ್ಯಾಹ್ನ ಒಂದು ಬಾಟಲಿಗೆ ಹೂವು ಅಂಟಿಸಿದರೆ ಮಾತ್ರ ಅದು ಕೆಲಸವಿಲ್ಲದ ಕೆಲಸ. ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು, ಕರುವಿಗೆ ನೀರಿಟ್ಟು, ಪಾತ್ರೆ ತೊಳೆದು, ಸಂಜೆಯ ಹಾಲು ಕರೆಯುವುದರೊಳಗೆ ತನ್ನದು ಅಂತ ಎರಡು ಗಂಟೆ ಮಾಡಿಕೊಂಡವಳನ್ನು ಯಾವ ಬಾಯಿಂದ ಆಡಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ.

ಅಂಟಿಸುವುದು ನಮಗೆ ಹೊಸದೂ ಅಲ್ಲ. ರವಿವರ್ಮನ ಅಚ್ಚುಕೂಟ ಮುಂಬಯಿಯಲ್ಲಿ 1894ರಲ್ಲಿ ಶುರುವಾಯಿತು. ಆಮೇಲೆ ಮಳವಲಿಗೆ ಹೋಯಿತು (ನಮ್ಮ ಮಳವಳ್ಳಿಯಲ್ಲ, ಮಹಾರಾಷ್ಟ್ರದ ಲೋಣಾವಳದ ಹತ್ತಿರದ ಮಳವಲಿ). ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದ ಮೇಲೆ ಜನ ಅವರನ್ನು ಬಂದ ಹಾಗೆ ಬಿಡಲಿಲ್ಲ. ಸೀರೆಯ ಜಾಗಕ್ಕೆ ನಿಜವಾದ ಬಟ್ಟೆ ಅಂಟಿಸಿದರು, ಅಂಚಿಗೆ ಜರಿ ಹೊಲಿದರು, ಕಿರೀಟಕ್ಕೆ ಚಮಕಿ ಹಚ್ಚಿ ಗಾಜು ಹಾಕಿಸಿದರು. ಅಂಥ ಪಟಗಳು ಇವತ್ತೂ ಹಳೇ ಮನೆಗಳ ದೇವರ ಕೋಣೆಯಲ್ಲಿವೆ. ಮೈಸೂರು ಸಾಂಪ್ರದಾಯಿಕ ಚಿತ್ರ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದರ ಬುಡವೂ ಹಲಗೆಗೆ ಅಂಟಿಸಿದ ಕಾಗದವೇ. ಉಬ್ಬು ಕೆಲಸದ ಮೇಲೆ ಹೊಳೆಯುವುದು ಅಂಟಿಸಿದ ಚಿನ್ನದ ರೇಕೇ. ಇಷ್ಟು ದೊಡ್ಡ ಮಾತೇಕೆ, ನಮ್ಮ ಕಾಲದ ಹಾಸ್ಟೆಲ್ ಹುಡುಗಿಯರ ಟ್ರಂಕಿನ ಮುಚ್ಚಳ ತೆರೆದರೆ ಒಳಗೆ ಇರುತ್ತಿದ್ದದ್ದು ಯಾರು? ಒಂದು ಕಡೆ ಶಿವಕಾಶಿ ಕ್ಯಾಲೆಂಡರಿನ ಲಕ್ಷ್ಮಿ, ಇನ್ನೊಂದು ಕಡೆ ರಾಜ್‌ಕುಮಾರ್. ಯಾರೂ ಅದಕ್ಕೆ ಫ್ರೆಂಚ್ ಹೆಸರಿಡಲಿಲ್ಲ, ಅಷ್ಟೆ.

ಆದರೆ ನಮ್ಮ ಕಡೆ ಕಾಗದ ಮತ್ತು ಮನೆಯ ವಸ್ತು ಕೂಡಿದ್ದಕ್ಕೆ ಇವೆಲ್ಲಕ್ಕಿಂತ ಒಳ್ಳೆಯ ಉದಾಹರಣೆ ಮೊರವೇ. ಇದನ್ನು ಈಗಿನ ಹುಡುಗಿಯರು ನೋಡಿಯೇ ಇಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂತೆಯಿಂದ ಹೊಸ ಮೊರ ತಂದರೆ ಅದು ಬರೀ ಬಿದಿರಿನ ಹೆಣಿಗೆ. ಸಂದಿಯಲ್ಲಿ ಹಿಟ್ಟು ಉದುರುತ್ತದೆ, ರಾಗಿ ಸಿಕ್ಕಿಕೊಳ್ಳುತ್ತದೆ, ಸಿಬಿರು ಕೈಗೆ ಚುಚ್ಚುತ್ತದೆ. ಹಳೇ ಕಾಗದವನ್ನು ಚೂರು ಚೂರಾಗಿ ಹರಿದು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಬೇಕು. ಇನ್ನೊಂದು ಕಡೆ ಮೆಂತ್ಯ ನೆನೆಯಬೇಕು. ಎರಡನ್ನೂ ಒರಳಿಗೆ ಹಾಕಿ ರುಬ್ಬಿದರೆ ಬೆಣ್ಣೆಯಂಥ ಒಂದು ಮುದ್ದೆ ಬರುತ್ತದೆ. ಮೆಂತ್ಯದ ಲೋಳೆಯೇ ಅದಕ್ಕೆ ಅಂಟು. ಅದನ್ನು ಮೊರದ ಒಳಮೈಗೆ ಅಂಗೈಯಿಂದ ತೆಳ್ಳಗೆ ಬಳಿದು, ಬಿದಿರಿನ ಸಂದಿಗಳಿಗೆಲ್ಲ ಒತ್ತಿ, ಬಿಸಿಲಿಗೆ ಇಟ್ಟರೆ ಎರಡು ದಿನದಲ್ಲಿ ಮೊರ ಗಟ್ಟಿಯಾಗಿ, ನುಣುಪಾಗಿ, ಹಗುರವಾಗಿಯೇ ಉಳಿದು ಎದ್ದು ಬರುತ್ತದೆ. ಮೆಂತ್ಯದ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲ ಎಂಬುದು ನಮ್ಮವ್ವನ ಖಾತ್ರಿ. ಕುಕ್ಕೆ ಮಂಕರಿಗಳಿಗೂ ಇದೇ ಉಪಚಾರ. ಮಡಕೆ ಕವುಚಿ ಹಾಕಿ ಅದರ ಬೆನ್ನಿಗೆ ದಪ್ಪಗೆ ಮೆತ್ತಿ ಒಣಗಿಸಿ ಬಿಡಿಸಿಕೊಂಡರೆ ಕಾಳು ಹಾಕಿಡಲು ಒಂದು ಪುಟ್ಟಿಯೇ ಆಗುತ್ತದೆ. ನಾನು ತಿದ್ದಿ ಬಿಸಾಕಿದ ಉತ್ತರಪತ್ರಿಕೆಗಳು ಎಷ್ಟು ಮನೆಗಳ ಮೊರಕ್ಕೆ ಹೋಗಿವೆಯೋ ಲೆಕ್ಕವಿಲ್ಲ. ಸೊನ್ನೆ ತೆಗೆದವನ ಹಾಳೆಗೂ ರಾಗಿ ನಿಲ್ಲಿಸುವ ಯೋಗ್ಯತೆ ಇತ್ತು.

ಇದನ್ನು ಹೇಳುವಾಗ ಹಳೆಯದೆಲ್ಲ ಅಮೃತ ಎಂದು ನಾನು ಸಾಧಿಸುತ್ತಿಲ್ಲ. ಕಾಗದದ ಜೊತೆ ಶಾಯಿಯೂ ರುಬ್ಬಿಕೊಂಡು ಹೋಗುತ್ತಿತ್ತು. ಅಚ್ಚಿನ ಮಸಿ ಊಟಕ್ಕೆ ಒಳ್ಳೆಯದಲ್ಲ ಎಂದು ಈಗ ಎಲ್ಲರಿಗೂ ಗೊತ್ತು. ಇವತ್ತು ಬಳಿಯುವವರು ಬರೆಯದ ಕಾಗದವನ್ನೇ ಹಾಕಲಿ. ನಾನು ಹೇಳುವುದು ಇಷ್ಟೇ: ಅಲ್ಲಿ ಕಾಗದ ಮೊರದ ಸೇವೆಗೆ ಬಂತು. ಬಳಿದ ಮೇಲೆ ಮೊರ ಮೊದಲಿಗಿಂತ ಚೆನ್ನಾಗಿ ಮೊರವಾಯಿತು. ನ್ಯಾಪ್ಕಿನ್ ಅಂಟಿಸಿದ ಮೇಲೆ?

ನನ್ನ ಪಕ್ಕದ ಮನೆಯ ಸೊಸೆ ಆ ತರಬೇತಿಗೆ ಹೋಗಿ ಬಂದವಳು. ಜಾಣೆ, ಕೈ ಸ್ವಚ್ಛ. ನನ್ನ ಕ್ಲಾಸಿನಲ್ಲಿ ಇದ್ದಿದ್ದರೆ ಮೊದಲನೇ ಬೆಂಚಿನಲ್ಲಿ ಇರುತ್ತಿದ್ದಳು. ಮೊದಲ ಮೊರ ಮುಗಿದ ದಿನ ತಂದು ತೋರಿಸಿದಳು. ‘ಟೀಚರಕ್ಕ, ನೋಡಿ, ಹೆಂಗದೆ?’ ನಿಜ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟಾಗಿತ್ತು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ನೇರಳೆ ಬಣ್ಣದ ಲ್ಯಾವೆಂಡರ್ ಹೂವಿನ ಗದ್ದೆ, ಅದರ ನಡುವೆ ಒಂದು ಹೆಂಚಿನ ಮನೆ, ಸುತ್ತ ಚಿನ್ನದ ಬಣ್ಣದ ಅಂಚು. ಹಿಂದೆಯೇ ಬಂದಿದ್ದ ಅವಳ ಅತ್ತೆ ಮೊರವನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿಗೆ ಒಂದು ಸಲ ಎತ್ತಿ ಹಾಕಿ ನೋಡಿ, ‘ಚೆಂದಾಗೇನೋ ಅದೆ ಕಣಮ್ಮಿ. ಈಗ ರಾಗಿಯ ಯಾತ್ರಲ್ಲಿ ಕೇರನ?’ ಎಂದರು. ಆ ಹುಡುಗಿಗೆ ಸ್ವಲ್ಪ ಬೇಜಾರಾಯಿತು. ಆದರೆ ಈ ವಿಷಯದಲ್ಲಿ ಬಂದಿರುವ ವಿಮರ್ಶೆಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ.

ಏಕೆ ಕೇರಲಾಗುವುದಿಲ್ಲ ಎಂದು ತಿಳಿಯಬೇಕಾದರೆ ಮಾಡುವ ಕ್ರಮ ನೋಡಬೇಕು. ಒಳ್ಳೆಯ ನ್ಯಾಪ್ಕಿನ್ ಎಂದರೆ ಮೂರು ಪದರ. ಚಿತ್ರ ಇರುವುದು ಮೇಲಿನ ಒಂದು ಪದರದಲ್ಲಿ ಮಾತ್ರ. ಕೆಳಗಿನ ಎರಡು ಬಿಳಿ ಪದರಗಳನ್ನು ಉಗುರಿನಿಂದ ಬಿಡಿಸಿ ತೆಗೆಯಬೇಕು. ಉಳಿಯುವುದು ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪೊರೆ. ಅದು ಎಷ್ಟು ತೆಳು ಎಂದರೆ ಕೆಳಗೆ ಏನಿದೆಯೋ ಅದು ಕಾಣುತ್ತದೆ. ಕಪ್ಪು ಮರದ ಮೇಲೆ ಹಾಕಿದರೆ ಗುಲಾಬಿ ಮಾಯ. ಆದ್ದರಿಂದ ಈ ವಿದ್ಯೆಯ ಮೊದಲ ಪಾಠ: ಏನೇ ಸಿಕ್ಕಲಿ, ಮೊದಲು ಬಿಳಿ ಬಣ್ಣ ಬಳಿ. ಹಲಸಿನ ಮರದ ಹಳದಿಯೋ, ಹೊನ್ನೆಯ ಕೆಂಪೋ, ಮಣ್ಣಿನ ಮಡಕೆಯ ಬೆಂದ ಬಣ್ಣವೋ, ಬಿದಿರಿನ ಹಸಿರುಹಳದಿಯೋ, ಎಲ್ಲಕ್ಕೂ ಎರಡು ಕೋಟು ಬಿಳಿ. ನಂತರ ಪೊರೆಯನ್ನು ಹರಡಿ, ನೀರು ಬೆರೆಸಿದ ಅಂಟನ್ನು ನಡುವಿನಿಂದ ಅಂಚಿನ ಕಡೆಗೆ ಮೆತ್ತಗೆ ಕುಂಚದಲ್ಲಿ ಎಳೆಯಬೇಕು. ಒರಟಾಗಿ ಎಳೆದರೆ ಹರಿಯುತ್ತದೆ. ಒಣಗಿದ ಮೇಲೆ ವಾರ್ನಿಷ್, ಅದರ ಮೇಲೆ ಇನ್ನೊಮ್ಮೆ ವಾರ್ನಿಷ್. ಕೆಲವರು ಹಳೆಯದಾಗಿ ಕಾಣಲಿ ಎಂದು ಬಿರುಕು ಬಿಡುವ ಒಂದು ದ್ರವವನ್ನೂ ಹಚ್ಚುತ್ತಾರೆ. ನೂರು ವರ್ಷದ ಪೆಟ್ಟಿಗೆಗೆ ಬಿಳಿ ಬಳಿದು ಹೊಸದು ಮಾಡಿ, ಆ ಹೊಸದರ ಮೇಲೆ ದುಡ್ಡು ಕೊಟ್ಟು ತಂದ ಬಿರುಕು ಬಿಡಿಸಿ ಹಳೆಯದು ಮಾಡುವ ಜಾಣತನ ನನಗೆ ಅರ್ಥವಾಗಿಲ್ಲ.

ಈ ಬಿಳಿ ಬಳಿಯುವುದೇ ನನ್ನ ಮೊದಲನೇ ಆಕ್ಷೇಪ. ಪೆಟ್ಟಿಗೆ ಮಾಡಿದ ಆಚಾರಿ ಮರದ ಎಳೆ ನೋಡಿ ಹಲಗೆ ಆರಿಸಿದ್ದ. ಅದನ್ನು ನಲವತ್ತು ವರ್ಷ ಮುಟ್ಟಿದ ಕೈಗಳ ಎಣ್ಣೆ ಕುಡಿದು ಅದಕ್ಕೊಂದು ಬಣ್ಣ ಬಂದಿತ್ತು. ಎರಡನ್ನೂ ಅಳಿಸಿದರೆ ಮಾತ್ರ ಈ ಗುಲಾಬಿ ಅರಳುತ್ತದೆ. ಖಾಲಿ ಗಾಜಿನ ಬಾಟಲಿಗೋ, ತಗಡಿನ ಡಬ್ಬಕ್ಕೋ, ಕಾರ್ಖಾನೆಯ ಹಲಗೆ ತಟ್ಟೆಗೋ ಮಾಡಿ, ನನ್ನದು ಅಡ್ಡಿಯಿಲ್ಲ. ಅವಕ್ಕೆ ಕಳೆದುಕೊಳ್ಳುವ ಮುಖವೇ ಇಲ್ಲ. ಮುಖ ಇರುವ ವಸ್ತುವಿಗೆ ಮುಖವಾಡ ಹಾಕುವುದು ಬೇರೆ.

ಎರಡನೆಯದು ಊಟದ ಮಾತು. ಈ ಅಂಟು, ವಾರ್ನಿಷ್‌ಗಳನ್ನು ಊಟ ತಗುಲುವ ಜಾಗಕ್ಕೆ ಹಚ್ಚಬಾರದು ಎಂದು ಅದಕ್ಕೆ ಹೆಸರಾದ ತಯಾರಕರೇ ಹೇಳುತ್ತಾರೆ. ತಟ್ಟೆಯ ಹಿಂಬದಿಗೆ ಹಚ್ಚಿ, ಟ್ರೇಯ ಅಂಚಿಗೆ ಹಚ್ಚಿ. ಆದರೆ ಮೊರಕ್ಕೆ ಹಿಂಬದಿ ಮುಂಬದಿ ಎಂದಿಲ್ಲ, ಅದರ ಒಳಮೈಯೇ ಅದರ ಕೆಲಸ. ರಾಗಿ, ಹುರುಳಿ ಉಜ್ಜಿ ಉಜ್ಜಿ ವಾರ್ನಿಷ್ ಕೆರೆದು ಚಕ್ಕೆ ಏಳುತ್ತದೆ, ಕಾಳಿನ ಜೊತೆ ಹೋಗುತ್ತದೆ. ಹಾಗಾಗಬಾರದೆಂದರೆ ಮೊರವನ್ನು ಗೋಡೆಗೆ ನೇತುಹಾಕಬೇಕು. ಅದೇ ಆಗುತ್ತಿರುವುದು. ಗೌರಿ ಹಬ್ಬದ ಬಾಗಿನಕ್ಕೂ ಈಗ ಇದೇ ಮೊರ ಬರುತ್ತಿದೆ. ಬಾಗಿನದ ಮೊರಕ್ಕೆ ಅರಿಸಿನ ಬಳಿದು, ಕುಂಕುಮವಿಟ್ಟು, ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ ತುಂಬಿ, ಇನ್ನೊಂದು ಮೊರ ಮುಚ್ಚಿ, ಸೆರಗು ಹೊದಿಸಿ ಕೊಡುವುದಕ್ಕೆ ಒಂದು ಅರ್ಥವಿತ್ತು: ಹಬ್ಬ ಮುಗಿದ ಮಾರನೇ ದಿನ ಆ ಮೊರ ಅಡಿಗೆ ಮನೆಗೆ ಹೋಗುತ್ತಿತ್ತು. ಮಗಳ ಕೈಯಿಂದ ತಾಯಿಗೆ ಒಂದು ವರ್ಷದ ಉಪಯೋಗ. ವಾರ್ನಿಷ್ ಮೇಲೆ ಅರಿಸಿನ ನಿಲ್ಲುವುದಿಲ್ಲ, ಜಾರುತ್ತದೆ. ಹಬ್ಬ ಮುಗಿದ ಮೇಲೆ ಅದು ಹೋಗುವುದು ಅಟ್ಟಕ್ಕೆ.

ಈ ವಿದ್ಯೆ ಹುಟ್ಟಿದ ಕಥೆ ಇನ್ನೂ ಸ್ವಾರಸ್ಯ. ಹದಿನೇಳು ಹದಿನೆಂಟನೇ ಶತಮಾನದಲ್ಲಿ ಚೀನಾ, ಜಪಾನುಗಳಿಂದ ಯೂರೋಪಿಗೆ ಅರಗಿನ ಹೊಳಪಿನ ಪೆಟ್ಟಿಗೆ, ಬೀರುಗಳು ಹೋದವು. ಶ್ರೀಮಂತರು ಮುಗಿಬಿದ್ದರು. ಬೇಡಿಕೆಯಷ್ಟು ಮಾಲು ಇಲ್ಲ, ಬೆಲೆಯೋ ಕೈಗೆಟುಕದ್ದು. ಆಗ ವೆನಿಸ್ಸಿನ ಕುಶಲಿಗಳು ಒಂದು ಉಪಾಯ ಮಾಡಿದರು. ಅಚ್ಚಾದ ಚಿತ್ರಗಳನ್ನು ಕತ್ತರಿಸಿ, ಪೀಠೋಪಕರಣದ ಮೇಲೆ ಅಂಟಿಸಿ, ಬಣ್ಣ ಹಾಕಿ, ಕೋಟಿನ ಮೇಲೆ ಕೋಟು ವಾರ್ನಿಷ್ ಕೊಟ್ಟು ಅರಗಿನ ಕೆಲಸದಂತೆಯೇ ಕಾಣುವ ಹಾಗೆ ಮಾಡಿದರು. ಬಸ್ಸಾನೊ ಎಂಬ ಊರಿನ ರೆಮೊಂದಿನಿ ಮನೆತನದ ಅಚ್ಚುಕೂಟ ಇದಕ್ಕೆಂದೇ ಹಾಳೆಗಳನ್ನು ಅಚ್ಚು ಹಾಕುತ್ತಿತ್ತು. ಇದಕ್ಕೆ ಇಟಲಿಯವರು ಇಟ್ಟ ಹೆಸರು ‘ಲಕ್ಕಾ ಪೊವೆರಾ’, ಬಡವರ ಅರಗು. ಅಂದರೆ ನಮ್ಮ ಏಷ್ಯಾದ ಅರಗಿನ ಕೆಲಸ ಸಿಕ್ಕದವರು ಅದರ ಬದಲಿಗೆ ಮಾಡಿಕೊಂಡ ವ್ಯವಸ್ಥೆ ಇದು. ಒಪ್ಪೋಣ, ಅವರಿಗೆ ಬೇರೆ ದಾರಿ ಇರಲಿಲ್ಲ.

ನಮಗೆ? ಭಾರತೀನಗರದಿಂದ ಮದ್ದೂರಿಗೆ ಹೋಗಿ ಬೆಂಗಳೂರು ಬಸ್ಸು ಹತ್ತಿದರೆ ಅಲ್ಲಿಂದ ಗಂಟೆಯೊಳಗೆ ಚನ್ನಪಟ್ಟಣ. ಅಲ್ಲಿ ಹಾಲೆ ಮರದ ತುಂಡು ಪಟ್ಟಡೆಯಲ್ಲಿ ಗರಗರ ತಿರುಗುತ್ತಿರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣ ಗರಿ ಹಿಡಿದು ಉಜ್ಜಿದರೆ ಕನ್ನಡಿಯಂಥ ಹೊಳಪು. ಕುಂಚವಿಲ್ಲ, ವಾರ್ನಿಷ್ಷಿಲ್ಲ. (ಚೀನಾ ಜಪಾನಿನದು ಮರದ ಹಾಲಿನ ಅರಗು, ನಮ್ಮದು ಹುಳುವಿನ ಅರಗು, ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ.) ಆ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬೇರೆ ಇದೆ. ನಿಜವಾದ ಅರಗಿನ ಊರನ್ನು ಕೂಗಳತೆಯಲ್ಲಿ ಇಟ್ಟುಕೊಂಡು, ಅರಗು ಸಿಕ್ಕದವರು ಮಾಡಿಕೊಂಡ ಬದಲಿಯನ್ನು ಜರ್ಮನಿಯ ಕಾಗದ ತರಿಸಿ ಕಲಿಯುತ್ತಿದ್ದೇವೆ. ಚನ್ನಪಟ್ಟಣದಲ್ಲಿ ಹೆಂಗಸರೂ ಪಟ್ಟಡೆಯ ಮುಂದೆ ಕೂತು ಕೆಲಸ ಮಾಡುತ್ತಾರೆ. ನಮ್ಮೂರಿನ ಒಂದು ಸಂಘವೂ ಅಲ್ಲಿಗೆ ಒಂದು ದಿನ ಹೋಗಿ ನೋಡಿ ಬಂದದ್ದು ನನಗೆ ಗೊತ್ತಿಲ್ಲ.

ಕಾಗದದ ವಿಷಯಕ್ಕೆ ಬಂದರೆ ಹೊಟ್ಟೆ ಇನ್ನೂ ಉರಿಯುತ್ತದೆ. ನಮ್ಮದು ಕಬ್ಬಿನ ಸೀಮೆ. ಕಾರ್ಖಾನೆ ಅರೆಯುವ ಕಾಲದಲ್ಲಿ ಮದ್ದೂರು ಮಳವಳ್ಳಿ ರಸ್ತೆಯಲ್ಲಿ ಗಾಡಿಯ ಹಿಂದೆ ಗಾಡಿ, ಊರಿಡೀ ಮಡ್ಡಿಯ ವಾಸನೆ. ಅರೆದುಳಿದ ರಚ್ಚಿನಿಂದ ಕಾಗದ ಮಾಡಬಹುದು, ಮಾಡಿದ್ದೂ ಉಂಟು. ಕೃಷ್ಣರಾಜಸಾಗರದ ಪಕ್ಕದ ಬೆಳಗೊಳದಲ್ಲಿ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಎಂಬ ಕಾರ್ಖಾನೆ ರಚ್ಚನ್ನೇ ನಂಬಿ ನಡೆದದ್ದು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ರಚ್ಚು ಈಗ ಬಾಯ್ಲರಿಗೆ ಹೋಗುತ್ತದೆ, ಕಾಗದ ಹಡಗಿನಲ್ಲಿ ಬರುತ್ತದೆ. ಇದಕ್ಕೆ ಆ ಹುಡುಗಿಯರು ಕಾರಣರಲ್ಲ. ಆದರೆ ‘ಸ್ಥಳೀಯ ಸಂಪನ್ಮೂಲ ಬಳಸಿ ಸ್ವಉದ್ಯೋಗ’ ಎಂದು ಬ್ಯಾನರು ಕಟ್ಟುವವರು ಸ್ಥಳೀಯ ಎಂಬ ಮಾತಿಗೆ ಏನು ಅರ್ಥ ಎಂದು ಒಂದು ಸಲ ಹೇಳಬೇಕು.

ಕಾಗದ ಕತ್ತರಿಸಿದವರಲ್ಲಿ ನನಗೆ ಬಹಳ ಇಷ್ಟವಾದವಳು ಮೇರಿ ಡೆಲಾನಿ ಎಂಬ ಇಂಗ್ಲೆಂಡಿನ ವಿಧವೆ. 1772ರಲ್ಲಿ, ತನ್ನ ಎಪ್ಪತ್ತೆರಡನೇ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಕಪ್ಪು ಹಾಳೆಯ ಮೇಲೆ ಹೂವು ಕಟ್ಟಲು ಶುರುಮಾಡಿದಳು. ಕಣ್ಣು ಕೈಕೊಡುವವರೆಗೆ ಹತ್ತು ವರ್ಷ ಬಿಡಲಿಲ್ಲ. ಸಾವಿರಕ್ಕೆ ಸ್ವಲ್ಪ ಕಡಿಮೆ ಹೂಗಳಾದವು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆಕೆ ಯಾರ ಚಿತ್ರವನ್ನೂ ಕತ್ತರಿಸಲಿಲ್ಲ. ನಿಜವಾದ ಗಿಡವನ್ನು ಎದುರಿಗೆ ಇಟ್ಟುಕೊಂಡು, ಕೇಸರ ಎಷ್ಟು, ಎಲೆಯ ಅಂಚು ಹೇಗೆ ಎಂದು ಎಣಿಸಿ ಎಣಿಸಿ ಕತ್ತರಿ ಆಡಿಸಿದಳು. ಸಸ್ಯಶಾಸ್ತ್ರದವರೂ ಒಪ್ಪುವ ಹಾಗಿದ್ದವು. ಇದು ಕಲಿಸಬೇಕಾದ ವಿದ್ಯೆ. ನ್ಯಾಪ್ಕಿನ್ನಿನಲ್ಲಿ ಹೂವನ್ನು ನೋಡಿದವರು ಬೇರೆ, ಬರೆದವರು ಬೇರೆ, ಅಚ್ಚು ಹಾಕಿದವರು ಬೇರೆ. ನಮ್ಮ ಹುಡುಗಿಯ ಪಾಲಿಗೆ ಉಳಿದದ್ದು ಅಂಟು ಬಳಿಯುವುದು. ಅವಳ ಮನೆಯ ಮುಂದೆ ಕಾಕಡ ಇದೆ, ಬೇಲಿಯಲ್ಲಿ ತುಂಬೆ ಇದೆ, ಹಿತ್ತಲಲ್ಲಿ ಚೆಂಡುಹೂ, ಎದುರು ಗದ್ದೆಯಲ್ಲಿ ಕಬ್ಬಿನ ಸೂಲಂಗಿ ಬೆಳ್ಳಗೆ ತೂಗುತ್ತದೆ. ಲ್ಯಾವೆಂಡರನ್ನು ಅವಳೂ ನೋಡಿಲ್ಲ, ನಾನೂ ನೋಡಿಲ್ಲ. ಇದನ್ನು ಅವಳಿಗೆ ಹೇಳಿದೆ. ‘ಚೆಂಡುಹೂವಿನ ನ್ಯಾಪ್ಕಿನ್ ಬರಲ್ಲ ಟೀಚರಕ್ಕ’ ಎಂದಳು. ಬರುವುದಿಲ್ಲ, ನಿಜ.

ಈಗ ದುಡ್ಡಿನ ಮಾತು. ತರಬೇತಿ ಕೊಟ್ಟವರು ಹೊರಗಿನಿಂದ ಬಂದ ಒಂದು ಸಂಸ್ಥೆಯವರು, ಹೆಸರು ಬೇಡ. ಮೂರು ದಿನಕ್ಕೆ 3,500 ರೂಪಾಯಿ. ಸಾಮಗ್ರಿಯ ಪೆಟ್ಟಿಗೆ ಅವರಿಂದಲೇ ಕೊಳ್ಳಬೇಕು, 2,200. ಆಮೇಲೆ ಕಾಗದ, ವಾರ್ನಿಷ್ ಮುಗಿದು ಮತ್ತೆ ತರಿಸಿದ್ದು 1,800. ಒಂದೊಂದೇ ಹಾಳೆಯಾಗಿ ಕೊಂಡರೆ ಬಾಯೊರೆಸುವ ಆ ಕಾಗದ ಒಂದಕ್ಕೆ ನಲವತ್ತು ಐವತ್ತು ರೂಪಾಯಿ! ಮೊರ, ತಟ್ಟೆ, ಮಣೆ ಕೊಂಡದ್ದು 1,400. ಒಟ್ಟು 8,900. ಸ್ತ್ರೀಶಕ್ತಿ ಸಂಘದಿಂದ ಹತ್ತು ಸಾವಿರ ಸಾಲ ತೆಗೆದು ಮಾಡಿದ್ದು. ಕಂತು, ಬಡ್ಡಿ ತಿಂಗಳು ತಿಂಗಳು ಕಟ್ಟಬೇಕು. ನಾಲ್ಕು ತಿಂಗಳಲ್ಲಿ ಇಪ್ಪತ್ತಾರು ಸಾಮಾನು ಮಾಡಿದಳು. ಮಾರಿಹೋದದ್ದು ಐದು: ಎರಡು ಮೊರ, ಒಂದು ಟ್ರೇ ತಲಾ 450ರಂತೆ, ಎರಡು ಬಾಟಲಿ ತಲಾ 150ರಂತೆ, ಒಟ್ಟು 1,650. ಎರಡು ಮೊರವನ್ನೂ ಕೊಂಡವಳು ಅವಳ ಅತ್ತಿಗೆ. ಒಂದು ಬಾಟಲಿ ಕೊಂಡವಳು ನಾನು. ಅದರಲ್ಲಿ ಮನಿಪ್ಲಾಂಟ್ ಇದೆ, ಚೆನ್ನಾಗಿಯೇ ಇದೆ. ಉಳಿದ ಇಪ್ಪತ್ತೊಂದು ಅವರ ಮನೆಯ ಅಟ್ಟದಲ್ಲಿ ಹಳೇ ಸೀರೆ ಹೊದ್ದುಕೊಂಡಿವೆ. ಅವಳ ಕೂಲಿಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಹೇಗೆ ಮಾರಿಹೋಗುತ್ತದೆ ಹೇಳಿ? ಅವಳ ಬ್ಯಾಚಿನಲ್ಲಿ ಇಪ್ಪತ್ತೆಂಟು ಜನ. ಎಲ್ಲರೂ ಅದೇ ಪೆಟ್ಟಿಗೆ ಕೊಂಡವರು, ಅದೇ ಲ್ಯಾವೆಂಡರ್ ಅಂಟಿಸಿದವರು, ಇದೇ ಐದಾರು ಊರಿನವರು. ಜಾತ್ರೆಗೆ ಬಂದವರೆಲ್ಲ ಬೊಂಬೆ ಮಾರುವವರೇ ಆದರೆ ಕೊಳ್ಳುವವರು ಯಾರು? ಇಂಥ ಸಾಮಾನಿಗೆ ಗಿರಾಕಿ ಇರುವುದು ಬೆಂಗಳೂರಿನಲ್ಲಿ, ಅಲ್ಲಿ ಮಾಡುವವರೂ ಇದ್ದಾರೆ. ಫೋನಿನಲ್ಲಿ ಹಾಕಿ ಮಾರಬಹುದು ಎಂದು ತರಬೇತಿಯವರು ಹೇಳಿದ್ದರಂತೆ. ಗಾಜು ಕಳಿಸಿದರೆ ಒಡೆಯುತ್ತದೆ, ಮೊರ ಕಳಿಸಿದರೆ ಮೊರದಷ್ಟೇ ಪಾರ್ಸಲ್ ಖರ್ಚು. ಈ ಇಡೀ ವ್ಯವಹಾರದಲ್ಲಿ ನಷ್ಟವಾಗದವರು ಪೆಟ್ಟಿಗೆ ಮಾರಿದವರು ಮಾತ್ರ. ಅವರ ದೃಷ್ಟಿಯಲ್ಲಿ ಆ ಇಪ್ಪತ್ತೆಂಟು ಹೆಂಗಸರು ಕುಶಲಕರ್ಮಿಗಳಲ್ಲ, ಗಿರಾಕಿಗಳು.

ಇನ್ನೊಬ್ಬಳಿದ್ದಾಳೆ, ಯಾರ ಲೆಕ್ಕದಲ್ಲೂ ಬರದವಳು. ಸಂತೆಯಲ್ಲಿ ಆ ಮೊರ ಮಾರಿದ ಮೇದರ ಹೆಂಗಸು. ಬಿದಿರು ಸೀಳಿ, ಎಳೆ ತೆಗೆದು, ಹೆಣೆದು, ಬಾಯಿಗೆ ಕಟ್ಟು ಕಟ್ಟಿ ತಂದ ಮೊರಕ್ಕೆ ಆಕೆ ಹೇಳಿದ್ದು 120. ನಮ್ಮವರು ಚೌಕಾಶಿ ಮಾಡಿ ನೂರಕ್ಕೆ ತಂದರು. ಅದಕ್ಕೆ ಬಿಳಿ ಬಳಿದು ಕಾಗದ ಅಂಟಿಸಿದರೆ 450. ಕಷ್ಟದ ಕೆಲಸ ಯಾವುದು, ಕಲಿಯಲು ವರ್ಷಗಟ್ಟಲೆ ಬೇಕಾದದ್ದು ಯಾವುದು? ಆಕೆಯ ಮಗಳು ಈ ಕಸುಬು ಬೇಡ ಎಂದು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಪ್ಲಾಸ್ಟಿಕ್ ಮೊರ ಎದುರು ಅಂಗಡಿಯಲ್ಲಿ ನೇತಾಡುತ್ತಿದೆ. 2023ರಲ್ಲಿ ಕೇಂದ್ರದವರು ಪಿಎಂ ವಿಶ್ವಕರ್ಮ ಎಂಬ ಯೋಜನೆ ತಂದರು. ಅದರ ಹದಿನೆಂಟು ಕಸುಬುಗಳಲ್ಲಿ ಬುಟ್ಟಿ ಹೆಣೆಯುವವರು, ಕುಂಬಾರರು, ಬೊಂಬೆ ಮಾಡುವವರು ಇದ್ದಾರೆ. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಅವರಿಗೇ ಕೊಡುತ್ತಾರೆ, ಸಲಕರಣೆಗೆ 15,000ದವರೆಗೆ ಇದೆ. ಅಂದರೆ ಕಲಿಯುವವರಿಗೆ ದುಡ್ಡು ಕೊಟ್ಟು ಕಲಿಸುವ ದಾರಿ ಇದೆ. ಅದನ್ನು ನಮ್ಮ ಸಂತೆಯ ಮೇದರ ಹೆಂಗಸಿಗೆ ಓದಿ ಹೇಳುವವರಿಲ್ಲ, ಕಲಿಯುವವರಿಂದ ದುಡ್ಡು ಕಿತ್ತು ಕಲಿಸುವವರಿಗೆ ಮಾತ್ರ ಸಮುದಾಯ ಭವನದ ಬೀಗದ ಕೈ ಸಲೀಸಾಗಿ ಸಿಕ್ಕುತ್ತದೆ.

‘ಟೀಚರಕ್ಕ, ಮನಸ್ಸಿಗೆ ಖುಷಿಯಾಗ್ತದೆ, ಅದಕ್ಕೆ ಬೆಲೆ ಇಲ್ಲವಾ?’ ಎಂದು ಆ ಹುಡುಗಿಯೇ ಒಮ್ಮೆ ಕೇಳಿದಳು. ಇದೆ. ಖಂಡಿತ ಇದೆ. ಖುಷಿಗೆ ಎಂದು ಹೇಳಿ ಕಲಿಸಲಿ, ನಲವತ್ತು ರೂಪಾಯಿಯ ಹಾಳೆಯ ಬದಲು ಮದುವೆ ಕಾಗದ, ಹಳೇ ಕ್ಯಾಲೆಂಡರು ಕತ್ತರಿಸಲಿ, ಖಾಲಿ ಡಬ್ಬ ಅಂಟಿಸಲಿ, ಅರ್ಧ ದಿನದಲ್ಲಿ ನಾನೇ ಪುಕ್ಕಟೆ ಹೇಳಿಕೊಡುತ್ತೇನೆ. ಖುಷಿಯನ್ನು ಉದ್ಯೋಗ ಎಂದು ಹೆಸರಿಟ್ಟು, ಸಂಘದ ಸಾಲದ ಮೇಲೆ ಮಾರಿದ್ದಕ್ಕೆ ನನ್ನ ಸಿಟ್ಟು. ಅದೇ ಹತ್ತು ಸಾವಿರದಲ್ಲಿ ಒಂದು ಹಳೇ ಹೊಲಿಗೆ ಮಿಷನ್ ಬರುತ್ತಿತ್ತು. ಸೀರೆಗೆ ಫಾಲ್ಸು, ಬ್ಲೌಸಿಗೆ ಹುಕ್ಕು ಹಾಕಿಕೊಂಡೇ ಸಾಲ ತೀರಿಸಿದವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಭಾರತೀ ವಿದ್ಯಾಸಂಸ್ಥೆಗಳಿಗೆ ಸುತ್ತಣ ಹಳ್ಳಿಗಳಿಂದ ದಿನವೂ ಬಸ್ಸು ತುಂಬ ಹುಡುಗಿಯರು ಬರುವ ಊರು ಇದು. ಅವರು ಹೊಲಿಸದೆ ಇರುತ್ತಾರೆಯೆ?

ಕಳೆದ ತಿಂಗಳು ಎರಡನೇ ಬ್ಯಾಚಿನ ಮಾತು ಬಂದಾಗ ಸಂಘದ ಸಭೆಗೆ ನನ್ನನ್ನೂ ಕರೆದಿದ್ದರು. ಈ ಲೆಕ್ಕವನ್ನೇ ಅಲ್ಲಿ ಓದಿದೆ. ಮೊದಲ ಬ್ಯಾಚಿನ ಇಪ್ಪತ್ತೆಂಟು ಜನ ಮಾಡಿದ ಸಾಮಾನಿನಲ್ಲಿ ಅರ್ಧವನ್ನು ತರಬೇತಿಯವರೇ ತಮ್ಮ ಪಟ್ಟಿಯ ಬೆಲೆಗೆ ವಾಪಸ್ಸು ಕೊಳ್ಳಲಿ, ಆಮೇಲೆ ಎರಡನೇ ಬ್ಯಾಚಿಗೆ ಸಂಘ ಸಾಲ ಕೊಡಲಿ ಎಂದೆ. ಕಾರ್ಯದರ್ಶಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು, ಆ ಸಂಸ್ಥೆಗೆ ಕಾಗದವೂ ಹೋಯಿತು. ಇದುವರೆಗೆ ಉತ್ತರ ಬಂದಿಲ್ಲ. ಎರಡನೇ ಬ್ಯಾಚಿಗೆ ಹನ್ನೊಂದು ಹೆಸರು ಬಂದಿವೆ, ಮುಂಗಡ ಇನ್ನೂ ಯಾರೂ ಕಟ್ಟಿಲ್ಲ.